ಸೊಪ್ಪಿನಿಂದ ಶುರುವಾಗಲಿ ಸ್ವಾವಲಂಬನೆ

ಆಶ್ವೀಜದ ಹುಣ್ಣಿಮೆಯ ರಾತ್ರಿ ನಾಗಪುರದ ತಾರಸಿಗಳಲ್ಲಿ ಜನವೋ ಜನ. ಮರಾಠಿಗರಿಗೆ ಅದು ಕೋಜಾಗಿರಿ. ಕೇಸರಿ, ಏಲಕ್ಕಿ, ಬಾದಾಮಿ ಹಾಕಿದ ಹಾಲು ದೊಡ್ಡ ಪಾತೇಲಿಯಲ್ಲಿ ಕುದಿಯುತ್ತಿರುತ್ತದೆ. ಚಂದ್ರ ನೆತ್ತಿಗೆ ಬರುವವರೆಗೆ ಹರಟೆ ಹೊಡೆದು, ಬೆಳದಿಂಗಳು ಬಿದ್ದ ಹಾಲನ್ನು ಮನೆಮಂದಿ, ನೆರೆಹೊರೆ ಎಲ್ಲ ಕೂಡಿ ಕುಡಿಯುತ್ತಾರೆ. ಅದೇ ಹುಣ್ಣಿಮೆ ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆ. ಕಾಳು ಕಟ್ಟುತ್ತಿರುವ ಪೈರನ್ನು ಬಸುರಿ ಎಂದೇ ತಿಳಿದು, ಅವಳ ಬಯಕೆ ತೀರಿಸಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅದರಲ್ಲಿ ಒಂದಷ್ಟನ್ನು ಪೈರಿಗೆ ಎರಚಿ ಚರಗ ಚೆಲ್ಲುವ ಹಬ್ಬ. ಒಂದು ಕಡೆ ತಾರಸಿಯ ಹಬ್ಬ, ಇನ್ನೊಂದು ಕಡೆ ಮಣ್ಣಿನ ಹಬ್ಬ. ಹಾಲು ಕಾಯಿಸುವ ತಾರಸಿಯ ಒಂದು ಮೂಲೆಗೆ ನಾಲ್ಕು ಬುಟ್ಟಿ ಮಣ್ಣು ಬಂದರೆ ಎರಡೂ ಒಂದೇ ಮನೆಯಲ್ಲಿ ಕೂಡುತ್ತವೆ. ನಾಗಪುರದಂಥ ಊರಿನ ಮನೆಗಳು ಈ ಕೆಲಸವನ್ನು ಈ ವರ್ಷವೇ ಶುರು ಮಾಡಬೇಕು, ಅದೂ ಸೊಪ್ಪಿನಿಂದ ಶುರು ಮಾಡಬೇಕು.

ನಾಗಪುರದ ಮಾತು ಕನ್ನಡಿಗರಿಗೇಕೆ? ಮಣ್ಣಿನ ಕಾರಣಕ್ಕೆ. ಆ ನಗರದ ನಡುವೆ ಎದ್ದಿರುವ ಸೀತಾಬರ್ಡಿ ಗುಡ್ಡದ ಕಪ್ಪು ಕಲ್ಲು, ಕಲಬುರಗಿ ಮತ್ತು ವಿಜಯಪುರದ ಹೊಲಗಳ ಅಡಿಯಲ್ಲಿರುವ ಕಲ್ಲು ಒಂದೇ ಕುಲದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ದಖ್ಖನ್ನಿನ ಬಸಾಲ್ಟ್ ಅದು. ಆ ಕಲ್ಲು ಸವೆದು ಆದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಚಪ್ಪಲಿಗೆ ಕಿತ್ತುಬರುತ್ತದೆ, ಏಪ್ರಿಲ್ ಹೊತ್ತಿಗೆ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ನಾಗಪುರದ ಮೇ ತಿಂಗಳ ಬಿಸಿಲು 47 ಡಿಗ್ರಿ ಮುಟ್ಟಿದ್ದುಂಟು. ಕಲಬುರಗಿ, ರಾಯಚೂರಿನವರಿಗೆ ಇಂಥ ಬಿಸಿಲನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಅಲ್ಲಿ ಬದುಕುವ ಗಿಡ ಇಲ್ಲಿಯೂ ಬದುಕುತ್ತದೆ, ಅಲ್ಲಿ ಆಗುವ ತಪ್ಪು ಇಲ್ಲಿಯೂ ಆಗುತ್ತದೆ.

ಕೈತೋಟ ಮಾಡಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಒಬ್ಬ ಮನುಷ್ಯ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಮನೆಗೆ ಅದು ದಿನಕ್ಕೆ ಎರಡು ಕಿಲೋ, ವರ್ಷಕ್ಕೆ 730 ಕಿಲೋ. ಇಂಥ ಮನೆಯ ತರಕಾರಿ ಪೂರ್ತಿ ಬೆಳೆಯಲು 200ರಿಂದ 250 ಚದರ ಮೀಟರ್ ಜಾಗ ಬೇಕೆಂಬುದು ಕೃಷಿ ವಿಸ್ತರಣೆಯವರು ರೂಢಿಯಲ್ಲಿ ಹೇಳುತ್ತ ಬಂದ ಅಳತೆ. ನಗರದ ಬಡಾವಣೆಯಲ್ಲಿ 1,500 ಚದರ ಅಡಿಯ ನಿವೇಶನವೆಂದರೆ ಇಡೀ ಜಾಗವೇ 140 ಚದರ ಮೀಟರ್ ಆಗುವುದಿಲ್ಲ. ಮನೆಯನ್ನೇ ಕೆಡವಿ ಬಿತ್ತಿದರೂ ಸಾಲದು. ಈ ಲೆಕ್ಕ ಹಾಕದೆ ಟೊಮೆಟೊ, ಹೂಕೋಸು, ದೊಣ್ಣೆ ಮೆಣಸಿನಕಾಯಿ ಎಂದು ಹತ್ತು ಬಗೆಯ ಬೀಜ ತಂದವರ ತಾರಸಿಯಲ್ಲಿ ಆರು ತಿಂಗಳ ಬಳಿಕ ಒಣಮಣ್ಣಿನ ಕುಂಡಗಳಷ್ಟೇ ಉಳಿದಿರುತ್ತವೆ.

ಸೊಪ್ಪಿನ ಲೆಕ್ಕವೇ ಬೇರೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 300 ಗ್ರಾಂನಂತೆ ಮನೆಗೆ ಸೊಪ್ಪು ಬೇಕೆಂದರೆ ವರ್ಷಕ್ಕೆ 62 ಕಿಲೋ ಸಾಕು. ಒಂದು ಸಣ್ಣ ತಾರಸಿಯ ಅಂಚಿಗೂ ಇಷ್ಟು ದಕ್ಕುತ್ತದೆ. ಮೆಂತ್ಯೆ, ಹರಿವೆ 25ರಿಂದ 30 ದಿನಕ್ಕೆ ಕೈಗೆ ಬರುತ್ತವೆ. ಪಾಲಕ್ ಇನ್ನೊಂದು ವಾರ ಹೆಚ್ಚು ತೆಗೆದುಕೊಂಡರೂ ಒಮ್ಮೆ ಕೊಯ್ದ ಬುಡದಿಂದ ಮತ್ತೆ ಮತ್ತೆ ಚಿಗುರುತ್ತದೆ. ಟೊಮೆಟೊ ಸಸಿ ನೆಟ್ಟು ಎರಡೂವರೆ ತಿಂಗಳು ಕಾಯುವ ತಾಳ್ಮೆ ಹೊಸಬರಿಗೆ ಇರುವುದಿಲ್ಲ. ನಾಲ್ಕನೇ ವಾರಕ್ಕೇ ಒಂದು ಹಿಡಿ ಸೊಪ್ಪು ಸಾರಿಗೆ ಬಿದ್ದರೆ ಐದನೇ ವಾರವೂ ನೀರು ಹಾಕುವ ಮನಸ್ಸು ಬರುತ್ತದೆ. ಮೇಲಾಗಿ, ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಸೊಪ್ಪೇ. ಕೊಯ್ದ ಗಳಿಗೆಯಿಂದಲೇ ಅದರ ಸಿ ಜೀವಸತ್ವ ಕರಗತೊಡಗುತ್ತದೆ. ನಸುಕಿನಲ್ಲಿ ಕೊಯ್ದು, ನೀರು ಚಿಮುಕಿಸಿ, ಗೋಣಿತಾಟಿನಲ್ಲಿ ಸುತ್ತಿ, ಟೆಂಪೊದಲ್ಲಿ ಬಂದು, ಸಂಜೆಯ ತಳ್ಳುಗಾಡಿಯಲ್ಲಿ ಬಾಡಿ ಕೂತ ಕಟ್ಟಿಗೂ ಬೆಳಿಗ್ಗೆ ಚಿವುಟಿ ಆಗಲೇ ಬಾಣಲೆಗೆ ಹಾಕಿದ ಸೊಪ್ಪಿಗೂ ಇರುವ ಅಂತರ ನಾಲಿಗೆಗೇ ಗೊತ್ತಾಗುತ್ತದೆ.

ರಕ್ತಹೀನತೆಯ ಲೆಕ್ಕವನ್ನೂ ಇಲ್ಲಿ ಮರೆಯುವಂತಿಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ. ಸೊಪ್ಪೊಂದೇ ಇದಕ್ಕೆ ಮದ್ದೆಂದು ಹೇಳಿದರೆ ತಪ್ಪಾಗುತ್ತದೆ, ಏಕೆಂದರೆ ಎಲೆಯಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಸುಲಭವಾಗಿ ಹೀರುವುದಿಲ್ಲ. ಹುಳಿ ಜೊತೆಗಿದ್ದರೆ ಹೀರುವುದು ಹೆಚ್ಚುತ್ತದೆ. ಪಲ್ಯದ ಮೇಲೆ ನಿಂಬೆ ಹಿಂಡುವ ಹಳೆಯ ರೂಢಿಗೆ ಹೀಗೊಂದು ಅರ್ಥವಿದೆ. ಕಿತ್ತಳೆಯ ಊರೆಂದೇ ಹೆಸರಾದ ನಾಗಪುರದಲ್ಲಿ ನಿಂಬೆ ಜಾತಿಯ ಹಣ್ಣಿಗಂತೂ ಬರವಿಲ್ಲ.

ಅಲ್ಲಿನ ಸೊಪ್ಪುಗಳ ಹೆಸರು ಕೇಳಿದರೆ ಕನ್ನಡಿಗರಿಗೆ ನೆಂಟರ ಮನೆಗೆ ಹೋದಂತಾಗುತ್ತದೆ. ನಾಗಪುರ ಸೇರಿದ ವಿದರ್ಭ ಸೀಮೆಯವರ ‘ಅಂಬಾಡಿ’ ಎಂದರೆ ನಮ್ಮ ಪುಂಡಿ. ಅವರ ‘ಘೋಳ್’ ನಮ್ಮ ಗೋಳಿ ಸೊಪ್ಪು. ‘ಮೇಥಿ’ ಮೆಂತ್ಯೆ, ‘ಶೇವಗಾ’ ನುಗ್ಗೆ. ಪುಂಡಿಗೆ ಹುರಿದ ಕಡ್ಲಿಬ್ಯಾಳಿಯನ್ನೋ ಜೋಳದ ನುಚ್ಚನ್ನೋ ಸೇರಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ರೊಟ್ಟಿಯ ಮೇಲೆ ಹಾಕಿಕೊಳ್ಳುವ ಊಟ ಎರಡೂ ಕಡೆ ಸಾಗಿಬಂದಿದೆ. ಹತ್ತಿ, ಜೋಳದ ಹೊಲದ ಬದುವಿನಲ್ಲಿ ಪುಂಡಿ ಹಾಕುವುದೂ ಎರಡೂ ಕಡೆಯ ಪದ್ಧತಿ. ನಾರಿಗೆ ನಾರು, ಪಲ್ಯಕ್ಕೆ ಪಲ್ಯ. ಗೋಳಿಯನ್ನಂತೂ ಬಿತ್ತುವುದೇ ಬೇಡ. ಕುಂಡದಲ್ಲಿ ತಾನಾಗಿ ಹುಟ್ಟಿದ್ದನ್ನು ಕಳೆಯೆಂದು ಕಿತ್ತೆಸೆಯದಿದ್ದರೆ ಸಾಕು. ಮೇ ತಿಂಗಳಲ್ಲಿ ಮಿಕ್ಕ ಸೊಪ್ಪೆಲ್ಲ ಮುರುಟಿದಾಗಲೂ ಅದು ನೆಲಕ್ಕಂಟಿಕೊಂಡು ಹಸಿರಾಗಿರುತ್ತದೆ.

ಸೊಪ್ಪಿಗೂ ಸ್ವಾವಲಂಬನೆಗೂ ಇರುವ ನಂಟನ್ನು ಈ ಸೀಮೆ ತೊಂಬತ್ತು ವರ್ಷಗಳ ಹಿಂದೆಯೇ ಕಂಡಿತ್ತು. ನಾಗಪುರದಿಂದ ಸುಮಾರು 75 ಕಿಲೋಮೀಟರ್ ದೂರದ ವರ್ಧಾದಲ್ಲಿ ಉದ್ಯಮಿ ಜಮ್ನಾಲಾಲ್ ಬಜಾಜ್ ಬಿಟ್ಟುಕೊಟ್ಟ ತೋಟದ ಮನೆಯೇ ಮಗನ್‌ವಾಡಿ. 1934ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ನೆಲೆ ನಿಂತದ್ದು ಅಲ್ಲಿ. ಜೆ.ಸಿ. ಕುಮಾರಪ್ಪ ಅದರ ಕಾರ್ಯದರ್ಶಿ. 1935ರಲ್ಲಿ ಅಲ್ಲಿದ್ದ ಗಾಂಧೀಜಿ ಊಟದಲ್ಲಿ ಹಸಿ ಸೊಪ್ಪು ತಿಂದು ನೋಡಿ, ಅದರ ಆಹಾರ ಮೌಲ್ಯದ ಬಗ್ಗೆ ‘ಹರಿಜನ’ ಪತ್ರಿಕೆಯಲ್ಲಿ ಬರೆದರು.  ಮರುವರ್ಷ ಅವರು ಸೇಗಾಂವ್ ಹಳ್ಳಿಗೆ ಹೋದರು. 1940ರಲ್ಲಿ ಅದಕ್ಕೆ ಸೇವಾಗ್ರಾಮವೆಂಬ ಹೆಸರು ಬಂತು.

ವರ್ಧಾದ ಹತ್ತಿರವೇ, ಧಾಮ್ ನದಿಯ ದಂಡೆಯ ಪವನಾರದಲ್ಲಿ, ಗಾಂಧೀಜಿಯ ಶಿಷ್ಯ ವಿನೋಬಾ ಭಾವೆ ಇನ್ನೂ ಕಠಿಣವಾದ ಪ್ರಯೋಗಕ್ಕೆ ಇಳಿದರು. ಭೂದಾನದ ಕಾಲ್ನಡಿಗೆ ಶುರುವಾಗುವ ಮೊದಲಿನ ಮಾತು ಇದು. ‘ಕಾಂಚನಮುಕ್ತಿ’ ಎಂದರೆ ಹಣದ ಹಂಗಿಲ್ಲದ ಬದುಕು. ‘ಋಷಿಖೇತಿ’ ಎಂದರೆ ಎತ್ತಿಲ್ಲದೆ, ನೇಗಿಲಿಲ್ಲದೆ, ಮನುಷ್ಯನ ಕೈಯಿಂದಲೇ ಮಾಡುವ ಬೇಸಾಯ. ಆಶ್ರಮದವರು ಗುದ್ದಲಿ ಹಿಡಿದು ನೆಲ ಅಗೆದು, ಕೈಯಿಂದಲೇ ನೀರೆತ್ತಿ ತರಕಾರಿ ಬೆಳೆದರು. 1951ರ ವಸಂತದಲ್ಲಿ ವಿನೋಬಾ ಇಲ್ಲಿಂದ ಹೈದರಾಬಾದಿನ ಕಡೆಗೆ ನಡೆದು ಹೊರಟರು. ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ಮೊದಲ ಭೂದಾನ ಸಿಕ್ಕಿತು. ಆಮೇಲೆ ಭೂಮಿ ಕೇಳಲು ಚಾಚಿದ ಆ ಕೈಗಳಿಗೆ ಗುದ್ದಲಿ ಹಿಡಿದ ಅಭ್ಯಾಸವಿತ್ತು. ನಮ್ಮ ಉಡುಪಿ ಜಿಲ್ಲೆಯ ಚೇರ್ಕಾಡಿಯಲ್ಲಿ ರಾಮಚಂದ್ರ ರಾಯರು ಎರಡು ಎಕರೆ ಆಸುಪಾಸಿನ ಜಾಗದಲ್ಲಿ ಎತ್ತು, ಯಂತ್ರ ಇಲ್ಲದೆ ಬೆಳೆದು ಉಂಡು, ಚರಕದಲ್ಲಿ ನೂತು ಬಾಳಿದ್ದೂ ಇದೇ ಹಾದಿಯ ಬದುಕು.

ಎಲ್ಲರೂ ವಿನೋಬಾ ಆಗಬೇಕಿಲ್ಲ. ಆದರೆ ಆ ಪ್ರಯೋಗದಿಂದ ಇಂದಿನ ಮನೆಗಳು ಎತ್ತಿಕೊಳ್ಳಬೇಕಾದ ಒಂದು ಸಂಗತಿಯಿದೆ. ಹೊರಗಿನಿಂದ ಕೊಳ್ಳುವುದನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಹೋಗುವುದೇ ಅವರ ದಾರಿಯಾಗಿತ್ತು. ಕುಂಡ ಕೊಂಡು, ಮಣ್ಣು ಕೊಂಡು, ಗೊಬ್ಬರದ ಪೊಟ್ಟಣ ಕೊಂಡು, ಪ್ರತಿ ಹಂಗಾಮಿಗೂ ಬೀಜ ಕೊಂಡು ಬೆಳೆದ ಟೊಮೆಟೊ ಮನೆಯದಾದರೂ ಸ್ವಾವಲಂಬನೆಯದಲ್ಲ. ಅಂಗಡಿ ಬದಲಾಯಿತು, ಅಷ್ಟೇ. ಗೊಬ್ಬರ, ನೀರು, ಬೀಜ, ಈ ಮೂರರಲ್ಲಿ ಎಷ್ಟನ್ನು ಮನೆಯೇ ಹೊಂದಿಸಿಕೊಳ್ಳುತ್ತದೆ ಎಂಬುದರ ಮೇಲೆ ಕೈತೋಟದ ಗೆಲುವನ್ನು ಅಳೆಯಬೇಕು.

ಗೊಬ್ಬರದ ವಿಷಯದಲ್ಲಿ ಭಾರತದ ಮೂರು ಊರುಗಳ ಹೆಸರು ಚರಿತ್ರೆಯಲ್ಲಿ ನಿಂತಿದೆ. ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿದ್ದಾಗ ರೂಪಿಸಿದ್ದು ‘ಇಂದೋರ್ ವಿಧಾನ’. ಆಗಾಗ ಮಗುಚಿ, ಗಾಳಿಯಾಡಿಸಿ ಮಾಡುವ ಕಾಂಪೋಸ್ಟ್ ಅದು. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ಅವರು ಊರಿನ ಕಸವನ್ನು ಗುಂಡಿಯಲ್ಲಿ ಮುಚ್ಚಿ ಕೊಳೆಸುವ ‘ಬೆಂಗಳೂರು ವಿಧಾನ’ವನ್ನು ಕೊಟ್ಟರು. ಮೂರನೆಯದು ವಿದರ್ಭದ್ದೇ. ಯವತ್ಮಾಳ ಜಿಲ್ಲೆಯ ಪುಸದದ ಗಾಂಧಿವಾದಿ ರೈತ ನಾರಾಯಣ ದೇವರಾವ್ ಪಂಢರಿಪಾಂಡೆ, ಜನರ ಬಾಯಲ್ಲಿ ‘ನಾಡೆಪ್ ಕಾಕಾ’, ಗೋಡೆಯ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ತೊಟ್ಟಿಯಲ್ಲಿ ಸ್ವಲ್ಪವೇ ಸಗಣಿ ಬಳಸಿ, ಮೂರು ನಾಲ್ಕು ತಿಂಗಳಲ್ಲಿ ರಾಶಿಗಟ್ಟಲೆ ಗೊಬ್ಬರ ಮಾಡುವುದನ್ನು ತೋರಿಸಿಕೊಟ್ಟರು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಎತ್ತರದ ಆ ತೊಟ್ಟಿ ಇಂದು ದೇಶದ ಎಷ್ಟೋ ಹಳ್ಳಿಗಳಲ್ಲಿದೆ. ಸಗಣಿ, ಗಂಜಲ ಹುದುಗಿಸಿ ಮಾಡುವ ಜೀವಾಮೃತದ ಮಾತು ಎತ್ತಿದರೆ ಕರ್ನಾಟಕದ ರೈತರಿಗೆ ಚಿರಪರಿಚಿತರಾದ ಸುಭಾಷ್ ಪಾಳೇಕರ್ ಕೂಡ ಪಕ್ಕದ ಅಮರಾವತಿ ಜಿಲ್ಲೆಯವರು.

ಮನೆಗೆ ಇಷ್ಟು ದೊಡ್ಡ ತೊಟ್ಟಿ ಬೇಡ. ಬುಡಕ್ಕೂ ಸುತ್ತಲೂ ತೂತು ಹಾಕಿದ ಎರಡು ಹಳೆಯ ಬಕೆಟ್ ಸಾಕು. ತಳದಲ್ಲಿ ನಾಲ್ಕು ಬೆರಳು ಒಣ ಎಲೆ. ಅದರ ಮೇಲೆ ಆ ದಿನದ ಸಿಪ್ಪೆ, ಸೋಸಿದ ಚಹಾಪುಡಿ, ಸೊಪ್ಪಿನ ಕಡ್ಡಿ. ಅದು ಕಾಣದಂತೆ ಮತ್ತೆ ಎರಡು ಹಿಡಿ ಒಣ ಎಲೆ. ವಾರಕ್ಕೊಮ್ಮೆ ಕೋಲಿನಿಂದ ಕದಡಬೇಕು. ವಾಸನೆ ಬಂತೆಂದರೆ ಒಣದ್ದು ಕಡಿಮೆಯಾಗಿದೆ, ಇರುವೆ ಬಂತೆಂದರೆ ತೇವ ಕಡಿಮೆಯಾಗಿದೆ ಎಂದರ್ಥ. ಒಂದು ಬಕೆಟ್ ತುಂಬಿ ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದು ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆಯಲ್ಲಿ ಸಿದ್ಧವಾಗಿರುತ್ತದೆ. ಶಿಶಿರದಲ್ಲಿ ಬೀದಿಬದಿಯ ಮರಗಳು ಉದುರಿಸುವ ಎಲೆಯನ್ನು ಗುಡ್ಡೆ ಹಾಕಿ ಬೆಂಕಿ ಇಡುವ ಕೆಟ್ಟ ಚಾಳಿ ನಾಗಪುರಕ್ಕೂ ಇದೆ, ಬೆಂಗಳೂರಿಗೂ ಇದೆ. ನಾಲ್ಕು ಗೋಣಿಚೀಲ ಎಲೆ ತುಂಬಿಟ್ಟುಕೊಂಡ ಮನೆಗೆ ವರ್ಷವಿಡೀ ಒಣ ಕಸದ ಚಿಂತೆಯಿಲ್ಲ.

ತಾರಸಿಯ ಮೇಲೆ ಮಣ್ಣು ಏರಿಸುವ ಮುನ್ನ ಭಾರದ ಲೆಕ್ಕ ತಿಳಿದಿರಬೇಕು. ಜನ ಓಡಾಡುವ ತಾರಸಿಗೆ ನಮ್ಮ ಕಟ್ಟಡ ಸಂಹಿತೆ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಒದ್ದೆಯಾದ ಎರೆಮಣ್ಣನ್ನು ಆರು ಇಂಚು ದಪ್ಪ ಹರಡಿದರೆ ಅದೇ 270 ಕಿಲೋ ಮೀರಬಹುದು. ಆದ್ದರಿಂದ ತಾರಸಿಯ ತುಂಬ ಮಣ್ಣು ಸುರಿದು ಹೊಲ ಮಾಡುವ ಆಸೆ ಬೇಡ. ಕುಂಡ, ಗ್ರೋ ಬ್ಯಾಗುಗಳು ತೊಲೆ ಮತ್ತು ಗೋಡೆಯ ನೇರಕ್ಕೆ, ಅಂಚಿನಲ್ಲಿರಲಿ. ತುಂಬುವುದಕ್ಕೆ ಒಂದು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ತೆಂಗಿನ ನಾರಿನ ಪುಡಿ ಇದ್ದರೆ ಭಾರ ಬಹಳಷ್ಟು ಇಳಿಯುತ್ತದೆ. ನಾರಿನ ಪುಡಿ ನೀರನ್ನೂ ಹಿಡಿದಿಡುತ್ತದೆ. ಬರೀ ಎರೆಮಣ್ಣು ತುಂಬಿದ ಕುಂಡ ಮಳೆಗಾಲದಲ್ಲಿ ಕೆಸರಿನ ಮುದ್ದೆ, ಬೇಸಿಗೆಯಲ್ಲಿ ಸುಟ್ಟ ಇಟ್ಟಿಗೆ.

ಅಂಗಳವಿದ್ದವರ ಕೆಲಸ ಇನ್ನೂ ಸುಲಭ. ನೆಲಮಟ್ಟದಿಂದ ಮುಕ್ಕಾಲು ಅಡಿ ಎತ್ತರಿಸಿದ ಮಡಿ ಮಾಡಿದರೆ ಜುಲೈನ ಜಡಿಮಳೆಗೆ ಬೇರು ಕೊಳೆಯುವುದಿಲ್ಲ. ಮಡಿಯ ಅಗಲ ನಾಲ್ಕು ಅಡಿ ದಾಟಬಾರದು. ಎರಡೂ ಬದಿ ಕೂತು ಕೈ ಚಾಚಿದರೆ ನಡುಮಧ್ಯ ಸಿಗಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರಬಾರದು. ಎರೆಮಣ್ಣು ಒಮ್ಮೆ ತುಳಿತಕ್ಕೆ ಸಿಕ್ಕಿ ಗಟ್ಟಿಯಾಯಿತೆಂದರೆ ಆ ಹಂಗಾಮಿನಲ್ಲಿ ಮತ್ತೆ ಸಡಿಲವಾಗುವುದು ಕಷ್ಟ. ದೇಶದ ಮಣ್ಣನ್ನೆಲ್ಲ ಅಳೆದು ನಕ್ಷೆ ಬರೆಯುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲೇ ಇದೆ. ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ನಿಂಬೆ ಜಾತಿಯ ಹಣ್ಣುಗಳ ಸಂಶೋಧನಾ ಸಂಸ್ಥೆಗಳೂ ಅಲ್ಲಿವೆ. 1906ರಷ್ಟು ಹಳೆಯ ಕೃಷಿ ಕಾಲೇಜು ಊರ ನಡುವೆಯೇ ಇದೆ. ಇಷ್ಟು ವಿದ್ಯೆ ಇರುವ ಊರಿನಲ್ಲಿ ಒಂದು ಮನೆಯ ಹಿತ್ತಲ ಮಣ್ಣು ಹೇಗಿದೆಯೆಂದು ಆ ಮನೆಯವರಿಗೆ ಗೊತ್ತಿಲ್ಲದಿರುವುದು ಸರಿಯಲ್ಲ.

ನೀರಿನ ಪ್ರಶ್ನೆ ಎಲ್ಲರೂ ಎತ್ತುತ್ತಾರೆ, ಎತ್ತಲೇಬೇಕು. 2019ರ ಜುಲೈನಲ್ಲಿ ಪೇಂಚ್ ಜಲಾಶಯಗಳು ಬತ್ತಿ, ನಾಗಪುರಕ್ಕೆ ದಿನ ಬಿಟ್ಟು ದಿನ ನೀರು ಬಿಟ್ಟದ್ದನ್ನು ಆ ಊರು ಮರೆತಿಲ್ಲ. ಆದರೆ ಅದೇ ಊರಿಗೆ ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ ಬೀಳುತ್ತದೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಬೀಳುವ ಆ ಮಳೆ ಒಂದು ಲಕ್ಷ ಲೀಟರ್ ಆಗುತ್ತದೆ. ಮೂವತ್ತು ಕುಂಡಗಳಿಗೆ ಚಳಿಗಾಲದಲ್ಲಿ ದಿನಕ್ಕೆ ನಲವತ್ತು ಲೀಟರ್ ಸಾಕು, ಬೇಸಿಗೆಯಲ್ಲಿ ಅದರ ಎರಡರಷ್ಟು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ನೇರ ಗಿಡಕ್ಕೆ ಹೋಗಬಹುದು. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪಿನಂಶ ಹೆಚ್ಚು, ಅದನ್ನು ಬೇರೆ ನೀರಿನ ಜೊತೆ ಬೆರೆಸಿಯೇ ಹಾಕಬೇಕು. ಬಚ್ಚಲ ನೀರನ್ನು ಗಿಡಗಳ ಬೇರಿನಿಂದಲೇ ಶುದ್ಧಗೊಳಿಸುವ ‘ಫೈಟೊರಿಡ್’ ತಂತ್ರಜ್ಞಾನವೂ ನಾಗಪುರದ ‘ನೀರಿ’, ಅಂದರೆ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ಕೊಡುಗೆ. ಅಪಾರ್ಟ್‌ಮೆಂಟುಗಳಂತೂ ಅದರತ್ತ ನೋಡಲೇಬೇಕು. ಚರಂಡಿಯ ನೀರನ್ನು ಮಾತ್ರ ಸೊಪ್ಪಿನ ಹತ್ತಿರವೂ ಬಿಡಬಾರದು. ಎಲೆಯನ್ನೇ ತಿನ್ನುವ ಬೆಳೆಗೆ ಎಲೆಯ ಮೇಲೆ ಬಿದ್ದದ್ದೆಲ್ಲ ತಟ್ಟೆಗೇ ಬರುತ್ತದೆ.

ಶುರು ಮಾಡುವ ಹೊತ್ತು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಕೈ ಸುಡುತ್ತದೆ. ಶಾಲೆಗೆ ರಜೆ, ಮನೆಯಲ್ಲಿ ಬಿಡುವು ಎಂದು ಏಪ್ರಿಲ್, ಮೇ ತಿಂಗಳಲ್ಲಿ ಬೀಜ ಹಾಕುವವರು ಬಹಳ. ಆಗ ಮೊಳೆತ ಮೆಂತ್ಯೆ ಮಧ್ಯಾಹ್ನದೊಳಗೆ ಮಲಗಿಬಿಡುತ್ತದೆ. ಎರೆಸೀಮೆಯಲ್ಲಿ ಸೊಪ್ಪು ಶುರು ಮಾಡಲು ದಸರೆ, ಸೀಗಿ ಹುಣ್ಣಿಮೆಯ ಆಸುಪಾಸು ಹೇಳಿ ಮಾಡಿಸಿದ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಮಣ್ಣಿನಲ್ಲಿ ಹದ ಉಳಿದಿರುತ್ತದೆ, ಬಿಸಿಲು ಮೆತ್ತಗಾಗಿರುತ್ತದೆ. ಅಲ್ಲಿಂದ ಫೆಬ್ರುವರಿವರೆಗೆ ಮೆಂತ್ಯೆ, ಪಾಲಕ್, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ ಹೇಗೆ ಹಾಕಿದರೂ ಬರುತ್ತವೆ. ಬೇಸಿಗೆಗೆ ನೆರಳು ಪರದೆ ಕಟ್ಟಿ ಹರಿವೆ, ಬಸಳೆ, ಗೋಳಿಯಷ್ಟನ್ನೇ ಇಟ್ಟುಕೊಳ್ಳಬೇಕು. ಮಳೆಗಾಲಕ್ಕೆ ಪುಂಡಿ, ಬೆಂಡೆ, ಹೀರೆ, ಹಾಗಲ. ಅಂಗಳವಿದ್ದರೆ ಮೂಲೆಗೊಂದು ನುಗ್ಗೆ.

ಬೀಜ ಮನೆಯದಾದ ದಿನವೇ ಕೈತೋಟವೂ ನಿಜವಾಗಿ ಮನೆಯದಾಯಿತು. ಹೈಬ್ರಿಡ್ ತಳಿಯ ಕಾಯಿಂದ ತೆಗೆದ ಬೀಜ ಮರುವರ್ಷ ತಾಯಿಯಂತೆ ಬರುವುದಿಲ್ಲ. ನಾಟಿ ಬೀಜ ಬರುತ್ತದೆ. ಬಳ್ಳಿಯಲ್ಲಿ ಎಲ್ಲಕ್ಕಿಂತ ಚೆಂದದ ಹೀರೇಕಾಯಿಯನ್ನು ಕೊಯ್ಯದೆ ಒಣಗಲು ಬಿಡುವುದು, ಬೆಂಡೆಯ ಎರಡು ಕಾಯಿಗೆ ದಾರ ಕಟ್ಟಿ ‘ಇದು ಬೀಜಕ್ಕೆ’ ಎಂದು ಗುರುತು ಮಾಡುವುದು, ಬೀಜಕ್ಕೆ ಬೂದಿ ಬೆರೆಸಿ ಸೋರೆಬುರುಡೆಯಲ್ಲೋ ಗಡಿಗೆಯಲ್ಲೋ ಇಡುವುದು ನಮ್ಮ ಅಜ್ಜಿಯರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಈಗ ಗಾಜಿನ ಬಾಟಲಿ ಸಾಕು. ಹರಿವೆಯ ಒಂದೇ ಗಿಡವನ್ನು ತೆನೆ ಬಲಿಯುವವರೆಗೆ ಬಿಟ್ಟರೆ ಇಡೀ ಓಣಿಗೆ ಹಂಚುವಷ್ಟು ಬೀಜ ಸಿಗುತ್ತದೆ.

ಈ ಕೆಲಸ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಅಡುಗೆ, ನೀರು, ಮಕ್ಕಳು, ನೌಕರಿ ಎಲ್ಲ ಹೊತ್ತ ಹೆಣ್ಣುಮಗಳ ಮೇಲೆಯೇ ಇನ್ನೊಂದು ಹೊರೆ ಹಾಕಿ ಅದಕ್ಕೆ ಸ್ವಾವಲಂಬನೆ ಎಂದು ಹೆಸರಿಟ್ಟರೆ ಅದು ಅನ್ಯಾಯ. ಬೆಳಿಗ್ಗೆಯ ನೀರು ಗಂಡಸರ ಪಾಲಿಗೆ, ಬಕೆಟ್ ಕದಡುವುದು ಮಕ್ಕಳ ಪಾಲಿಗೆ ಬರಲಿ. 1937ರಲ್ಲಿ ವರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಹುಟ್ಟಿದ ‘ನಯೀ ತಾಲೀಮ್’ ಹೇಳಿದ್ದೂ ಇದನ್ನೇ: ಮಕ್ಕಳು ಕೈಯಿಂದ ಮಾಡುತ್ತ ಕಲಿಯಬೇಕು. ಸೇವಾಗ್ರಾಮದ ಆನಂದ ನಿಕೇತನ ಶಾಲೆಯ ಮಕ್ಕಳು ಇಂದಿಗೂ ತೋಟದಲ್ಲಿ ದುಡಿಯುತ್ತಾರೆ. ಮಡಿಯ ಉದ್ದಗಲ ಅಳೆಯುವಾಗ ಗಣಿತ, ಎಲೆ ತಿಂದ ಹುಳವನ್ನು ಹುಡುಕುವಾಗ ವಿಜ್ಞಾನ ತಾನಾಗಿ ಬರುತ್ತದೆ.

ಕೊಂಡು ತಿನ್ನುವುದೇ ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ಎಷ್ಟೋ ವಾರ ಅದು ನಿಜವೂ ಹೌದು. ಆದರೆ 2023ರ ಜುಲೈನಲ್ಲಿ ತರಕಾರಿಯ ಚಿಲ್ಲರೆ ಹಣದುಬ್ಬರ ಶೇ 37 ದಾಟಿತು. ಟೊಮೆಟೊ ಹಲವು ನಗರಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಕೊಂಡ ಟೊಮೆಟೊವನ್ನು ಕೇಂದ್ರ ಸರ್ಕಾರ ದೆಹಲಿಯಲ್ಲಿ ರಿಯಾಯಿತಿ ದರದಲ್ಲಿ ಮಾರಿಸಬೇಕಾಯಿತು. 2024ರ ಅಕ್ಟೋಬರಿನಲ್ಲಿ ತರಕಾರಿಯ ಹಣದುಬ್ಬರ ಮತ್ತೆ ಶೇ 42ಕ್ಕೆ ಏರಿತು. ಸೊಪ್ಪಿನ ಕುಂಡವೊಂದು ಈ ಏರಿಳಿತವನ್ನು ತಡೆಯಲಾರದು. ಆದರೆ ಟೊಮೆಟೊ ಕೈಗೆಟುಕದ ವಾರ ಪುಂಡಿಯ ಹುಳಿಯಲ್ಲಿ ಸಾರು ಮಾಡುವ ಮನೆಗೆ ಆ ವಾರ ಅಷ್ಟು ಭಾರವಾಗುವುದಿಲ್ಲ.

ಬಿಕ್ಕಟ್ಟು ಬಂದಾಗ ಎಷ್ಟೋ ದೇಶಗಳು ಹಿತ್ತಲನ್ನು ನೆನೆದಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸುಮಾರು ಎರಡು ಕೋಟಿ ‘ವಿಜಯದ ತೋಟ’ಗಳಿದ್ದವು. ಆ ದೇಶದ ತಾಜಾ ತರಕಾರಿಯಲ್ಲಿ ಶೇ 40ರಷ್ಟು ಅಲ್ಲಿಂದಲೇ ಬರುತ್ತಿತ್ತೆಂಬ ಅಂದಾಜಿದೆ. 1965ರಲ್ಲಿ ಆಹಾರದ ಕೊರತೆ ಮತ್ತು ಯುದ್ಧ ಒಟ್ಟಿಗೇ ಬಂದಾಗ ಲಾಲ್ ಬಹಾದ್ದೂರ್ ಶಾಸ್ತ್ರಿ ತಮ್ಮ ಅಧಿಕೃತ ನಿವಾಸದ ಹುಲ್ಲುಹಾಸಿನಲ್ಲಿ ತಾವೇ ನೇಗಿಲು ಹಿಡಿದರು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕ್ಯೂಬಾದ ಹವಾನಾ ನಗರ ಖಾಲಿ ನಿವೇಶನಗಳಲ್ಲೇ ತರಕಾರಿ ಬೆಳೆಯಿತು. 2020ರ ಲಾಕ್‌ಡೌನಿನಲ್ಲಿ ನಮ್ಮ ತಾರಸಿಗಳೂ ಹಸಿರಾದವು. ಯುದ್ಧ ಮುಗಿದಂತೆ ಅಮೆರಿಕದ ತೋಟಗಳು ಮಾಯವಾದವು, ಲಾಕ್‌ಡೌನ್ ಮುಗಿದಂತೆ ನಮ್ಮ ಕುಂಡಗಳು ಒಣಗಿದವು. ಹೆದರಿಕೆಗೆ ಹಾಕಿದ ತೋಟ ಹೆದರಿಕೆ ಇಳಿದಾಗ ಒಣಗುತ್ತದೆ. ರುಚಿಗೆ, ರೂಢಿಗೆ ಹಾಕಿದ್ದು ಉಳಿಯುತ್ತದೆ. ಸೊಪ್ಪು ಮೊದಲಿರಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಹಳ್ಳಿಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ವಿದರ್ಭದ ಹತ್ತಿ, ಸೋಯಾ ಹೊಲಗಳ ನಡುವಿನ ಎಷ್ಟೋ ಮನೆಗಳು ಸೊಪ್ಪಿಗಾಗಿ ವಾರದ ಸಂತೆಯನ್ನೇ ಕಾಯುತ್ತವೆ. ಬದುವಿನ ಪುಂಡಿ, ಸಾಲಿನ ನಡುವಿನ ಗೋಳಿ ಕಳೆನಾಶಕಕ್ಕೆ ಸಿಕ್ಕಿ ಹೋಗಿವೆ. 2017ರಲ್ಲಿ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ಅಂಥ ಹೊಲದ ಅಂಚಿನ ಎಲೆಯನ್ನು ಕಿತ್ತು ತಿನ್ನು ಎಂದು ಯಾರೂ ಹೇಳಲಾರರು. ವಿಷ ತಾಗದ ನಾಲ್ಕು ಮಡಿ ಮನೆಯ ಹಿತ್ತಲಲ್ಲೇ ಬೇಕು. ಮಹಾರಾಷ್ಟ್ರದ ‘ಉಮೇದ್’ ಅಭಿಯಾನ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಮೂಲಕ ಪೋಷಣ ಪರಸಬಾಗ್, ಅಂದರೆ ಪೌಷ್ಟಿಕ ಹಿತ್ತಲು, ಮಾಡಿಸುತ್ತ ಬಂದಿದೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯಡಿ ಶಾಲೆ, ಅಂಗನವಾಡಿಗಳಲ್ಲಿ ಪೌಷ್ಟಿಕ ಕೈತೋಟಗಳು ಎದ್ದಿವೆ. ಫಲಕ ನಿಲ್ಲಿಸಿ ಫೋಟೊ ತೆಗೆದ ಮೇಲೂ ಅವಕ್ಕೆ ನೀರು, ಬೇಲಿ, ಬೀಜ ಸಿಗಬೇಕು.

ನಗರಗಳ ಕರ್ತವ್ಯವೂ ಇದೆ. ಪಾಲಿಕೆ ಮನೆಮನೆಯಿಂದ ಎತ್ತುವ ಹಸಿ ಕಸವನ್ನು ಗೊಬ್ಬರ ಮಾಡಿ ವಾರ್ಡಿನಲ್ಲೇ ಹಿಂದಿರುಗಿಸಲಿ. ನಾಗಪುರದ ಬಡಾವಣೆಗಳಲ್ಲಿ, ಹುಬ್ಬಳ್ಳಿ, ಕಲಬುರಗಿಯ ಬಡಾವಣೆಗಳಲ್ಲಿ ವರ್ಷಗಟ್ಟಲೆ ಮುಳ್ಳು ಕಸ ಬೆಳೆದು ನಿಂತ ಖಾಲಿ ನಿವೇಶನಗಳನ್ನು ಮಾಲೀಕರ ಒಪ್ಪಿಗೆ ಪಡೆದು, ಕಟ್ಟುವವರೆಗೆ ಎಂಬ ಕರಾರಿನಲ್ಲಿ ಓಣಿಯವರಿಗೆ ಸೊಪ್ಪು ಬೆಳೆಯಲು ಕೊಡಿಸಲಿ. ಕೃಷಿ ಕಾಲೇಜುಗಳು ವರ್ಷಕ್ಕೆರಡು ದಿನ ಮನೆಮಣ್ಣಿನ ಪರೀಕ್ಷೆಗೆ ಬಾಗಿಲು ತೆರೆಯಲಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಯ ಬೀಜಗಳು ನಾಟಿ ಬೀಜದ ಜೊತೆಗೆ ಓಣಿಯ ಅಂಗಡಿಯಲ್ಲೂ ಸಿಗಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ, ಹೊಸ ಕಾನೂನೂ ಬೇಡ.

ಅಲ್ಲಿಯವರೆಗೆ ಮನೆ ಕಾಯಬೇಕಿಲ್ಲ. ಕೋಜಾಗಿರಿಯ ಹಾಲಿನ ಪಾತೇಲಿ ಇಳಿಸಿದ ಮರುದಿನ ಎರಡು ಅಡಿ ಉದ್ದದ ನಾಲ್ಕು ಟ್ರೇ ಮತ್ತು ಎರಡು ಬಕೆಟ್ ಹೊಂದಿಸಿಕೊಂಡರಾಯಿತು. ಅಡುಗೆಮನೆಯ ಡಬ್ಬದ ಮೆಂತ್ಯೆಕಾಳನ್ನೇ ರಾತ್ರಿ ನೆನೆಸಿ ಮೊದಲ ಟ್ರೇಗೆ, ಧನಿಯಾವನ್ನು ಎರಡು ಹೋಳಾಗುವಂತೆ ಉಜ್ಜಿ ಎರಡನೆಯದಕ್ಕೆ, ಪಾಲಕ್ ಮೂರನೆಯದಕ್ಕೆ. ಹತ್ತು ದಿನ ಬಿಟ್ಟು ನಾಲ್ಕನೆಯದಕ್ಕೆ ಮತ್ತೆ ಮೆಂತ್ಯೆ. ದೀಪಾವಳಿ ಕಳೆದ ಹತ್ತು ಹನ್ನೆರಡು ದಿನಕ್ಕೆ ಮೊದಲ ಕೊಯ್ಲು. ಎಳ್ಳಮಾವಾಸ್ಯೆಗೆ ಕಲಬುರಗಿ, ಬೀದರ್ ಸೀಮೆಯಲ್ಲಿ ಹಲವು ಬಗೆಯ ಸೊಪ್ಪು, ಹಸಿಕಾಳು ಕೂಡಿಸಿ ಭಜ್ಜಿ ಮಾಡಿ, ಸಜ್ಜೆರೊಟ್ಟಿಯೊಡನೆ ಹೊಲಕ್ಕೆ ಒಯ್ಯುತ್ತಾರೆ. ನೌಕರಿಗೆಂದು ನಾಗಪುರಕ್ಕೆ ಹೋಗಿ ನೆಲೆಸಿದ ಕನ್ನಡದ ಮನೆಗಳಲ್ಲಿ ಈ ಸಲ ಆ ಭಜ್ಜಿಗೆ ಮೆಂತ್ಯೆ, ಪಾಲಕ್, ಕೊತ್ತಂಬರಿ ತಾರಸಿಯಿಂದಲೇ ಇಳಿಯಲಿ, ಕಡಲೆ ಮತ್ತು ಅವರೆ ಮಾತ್ರ ಸಂತೆಯಿಂದ ಬರಲಿ.